ಈ ಸಲದ ಸಂದರ್ಶನಗಳು: ನೀರಿನ ವಿಷಯ

ಎಲ್ಲರಿಗೂ ನಮಸ್ಕಾರ.

ಈ ಸಲ ನೀರಿನ ಬಗ್ಗೆ ಜನರನ್ನು ಮಾತಾಡಿಸೋಣ. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳ ಕಡೆಯವರೇ ಆಗಬೇಕು. ಅವರಿಗಾಗಿ ತಂದ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ. ಆದರೆ ದೊಡ್ಡ ಪೈಪು ಬಂದರೆ ಸಾಕಾ? ಮನೆಗೆ ಕನೆಕ್ಷನ್ ಬೇಕು, ಅದಕ್ಕೆ ದುಡ್ಡು ಕಟ್ಟಬೇಕು. ನಮ್ಮ ಪ್ರಶ್ನೆಗಳು ಇಲ್ಲಿಂದ ಶುರುವಾಗಲಿ.

"ನೀರು ಬರುತ್ತಾ?" ಅಂತ ಕೇಳಬೇಡಿ. "ಹೂಂ, ಬರುತ್ತೆ" ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗೀತು. ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ನೀರು ಹೇಗೆ ಹೊಂದಿಸಿದಿರಿ ಅಂತ ಕೇಳಿ. ಯಾರು ಹಿಡಿದರು, ಎಷ್ಟೊತ್ತಿಗೆ, ಟ್ಯಾಂಕರ್‌ಗೆ ಎಷ್ಟು ಕೊಟ್ಟರು, ಬೋರ್‌ವೆಲ್ ಬತ್ತಿದ್ದು ಯಾವ ವರ್ಷ. ನೀರಿಗೆ ಪರದಾಡಿದ 2024ರ ಬೇಸಿಗೆಯನ್ನು ಯಾರೂ ಮರೆತಿರಲ್ಲ, ಆ ಮಾತು ಎತ್ತಿದರೆ ಜಾಸ್ತಿ ಹೇಳುತ್ತಾರೆ.

ಮನೆ ಮಾಲೀಕರೇ ತುಂಬಿಕೊಳ್ಳುವುದು ಬೇಡ. ಬಾಡಿಗೆಯವರು, ಮನೆಗೆಲಸದವರು, ಟ್ಯಾಂಕರ್ ಡ್ರೈವರ್‌ಗಳೂ ಇರಲಿ. ಸುಮ್ನೆ ಟ್ಯಾಂಕರ್‌ನವರನ್ನು ಬೈದು ಮುಗಿಸುವ ಸಂದರ್ಶನ ನನಗಂತೂ ಬೇಡ. ಅವರು ನೀರು ಎಲ್ಲಿ ತುಂಬಿಸುತ್ತಾರೆ, ಡೀಸೆಲ್ ಖರ್ಚು ಎಷ್ಟು, ಅದೂ ಗೊತ್ತಾಗಲಿ. ಇನ್ನೊಂದು: 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತಲ್ಲ, ಆಮೇಲೆ ದೂರು ಯಾರಿಗೆ ಹೇಳಿದರು ಅಂತ ಎಲ್ಲರನ್ನೂ ಕೇಳಿ.

ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಪಡೆಯಿರಿ. ಹೆಸರು ಬೇಡ ಅಂದರೆ ಬೇಡ, ಮನೆ ಗುರುತೂ ಹಾಕಬೇಡಿ. ಯಾರು ಯಾವ ಕಡೆ ಹೋಗುತ್ತೀರಿ ಅಂತ ಭಾನುವಾರದೊಳಗೆ ಇಲ್ಲೇ ತಿಳಿಸಿ. ಆಡಿಯೋ ಗುಂಪಿಗೆ ಹಾಕಬೇಡಿ, ನನಗೊಬ್ಬರಿಗೇ ಕಳಿಸಿ.