ಅಕ್ಟೋಬರ್‌ನಿಂದ ನಿಮ್ಮ ಪೆಟ್ಟಿಗೆಯಲ್ಲಿ ಎರಡು ಬಾಟಲಿ ಕ್ಲಿಸೋಂ

ಪ್ರಿಯ ಗ್ರಾಹಕರೇ,

ಇಷ್ಟು ದಿನ ನಿಮ್ಮ ಪೆಟ್ಟಿಗೆಯ ಆರೂ ಬಾಟಲಿಗಳಲ್ಲಿ ಒಂದೇ ವೈನ್ ಇರುತ್ತಿತ್ತು: ಮಸ್ಕದೆ ಸೆವ್ರ್ ಎ ಮೇನ್ ಸ್ಯೂರ್ ಲೀ, ಪಶ್ಚಿಮ ಫ್ರಾನ್ಸಿನ ನಾಂತ್ ಸುತ್ತಲಿನ ಬಿಳಿ ವೈನ್. ಅಕ್ಟೋಬರ್‌ನಿಂದ ಅದು ನಾಲ್ಕೇ ಬರುತ್ತದೆ. ಉಳಿದ ಎರಡರಲ್ಲಿ ಕ್ಲಿಸೋಂ ಇರುತ್ತದೆ, ಅದೇ ದ್ರಾಕ್ಷಿಯ, ಹೆಚ್ಚು ಕಾಲ ಇಟ್ಟ ಮಸ್ಕದೆ. ಬೆಲೆ ಹಿಂದಿನಷ್ಟೇ.

ಇದಕ್ಕೆ ಕಾರಣ ಹಿಮ. ಈ ವೈನಿನ ದ್ರಾಕ್ಷಿ ಮೆಲೋಂ, ಪೂರ್ವ ಫ್ರಾನ್ಸಿನ ಬರ್ಗಂಡಿ ಮೂಲದ ತಳಿ. 1709ರ ಭೀಕರ ಚಳಿಗೆ ನಾಂತ್ ಸುತ್ತಲಿನ ತೋಟಗಳು ಸತ್ತ ಮೇಲೆ ಇಲ್ಲಿ ಹರಡಿದ್ದು ಇದೇ. ಚಳಿಗಾಲವನ್ನು ತಡೆದುಕೊಳ್ಳುತ್ತದೆ. ಆದರೆ ಬೇಗ ಚಿಗುರುತ್ತದೆ, ಏಪ್ರಿಲ್‌ನ ಹಿಮಕ್ಕೆ ಸಿಕ್ಕಿಬೀಳುತ್ತದೆ. ನಮಗೆ ವೈನ್ ಕೊಡುವ ತೋಟದಲ್ಲಿ ಕಳೆದ ವರ್ಷ ಹಾಗೇ ಆಯಿತು. ಹೊಸ ವೈನ್ ಕಡಿಮೆ ಬಂತು. ಬೇರೆಯವರಿಂದ ತಂದು ತುಂಬಿಸಬಹುದಿತ್ತು, ಮನಸ್ಸು ಬರಲಿಲ್ಲ. ಅದೇ ತೋಟದವರ ನೆಲದಡಿಯ ತೊಟ್ಟಿಯಲ್ಲಿ ಹಳೆಯ ಕೊಯ್ಲಿನ ಕ್ಲಿಸೋಂ ಇತ್ತು. ರುಚಿ ನೋಡಿದೆವು, ಅಲ್ಲೇ ಒಪ್ಪಿಕೊಂಡೆವು.

ಬಾಟಲಿ ನೋಡಿ ನೀವು ಕೇಳುವ ಮೊದಲ ಪ್ರಶ್ನೆ ಗೊತ್ತು: 'ಸ್ಯೂರ್ ಲೀ' ಎಂಬ ಮಾತು ಲೇಬಲ್ ಮೇಲೆ ಯಾಕಿಲ್ಲ? ಸ್ಯೂರ್ ಲೀ ಅಂದರೆ ಗಸಿಯ ಮೇಲೆ. ಹುಳಿ ಬಂದು ಮುಗಿದ ಮೇಲೆ ತಳಕ್ಕೆ ಕೂರುವ ಯೀಸ್ಟಿನ ಗಸಿ ಅದು. ಈ ಹೆಸರು ಬೇಕಾದರೆ ವೈನ್ ಒಂದು ಚಳಿಗಾಲ ಅದರ ಮೇಲಿದ್ದು, ಕೊಯ್ಲಿನ ಮರುವರ್ಷವೇ ಬಾಟಲಿಗೆ ಇಳಿಯಬೇಕು. ಕ್ಲಿಸೋಂ ಕನಿಷ್ಠ 24 ತಿಂಗಳು ಗಸಿಯ ಮೇಲಿರುತ್ತದೆ. ಜಾಸ್ತಿ ದಿನ ಇದ್ದದ್ದಕ್ಕೇ ಆ ಹೆಸರು ಸಿಗುವುದಿಲ್ಲ! ಅದರ ಬದಲು ಊರಿನ ಹೆಸರು ಇರುತ್ತದೆ. ಗೋರ್ಜ್, ಲ ಪಲೆ ಊರುಗಳ ಜೊತೆ ಕ್ಲಿಸೋಂಗೆ ಆ ಮನ್ನಣೆ ಬಂದದ್ದು 2011ರಲ್ಲಿ.

ರುಚಿಯೂ ಬೇರೆಯೇ. ನೀವು ಕುಡಿದು ಗೊತ್ತಿರುವುದು ತೆಳು, ನಿಂಬೆ, ಹಸಿರು ಸೇಬು, ಕೊನೆಗೆ ಚೂರು ಉಪ್ಪು. ನಾಲಿಗೆಯ ಮೇಲೆ ಸಣ್ಣ ಚುರುಚುರು. ಕ್ಲಿಸೋಂನಲ್ಲಿ ಆ ಚುರುಚುರು ಇಲ್ಲ. ಬಣ್ಣ ಹೊನ್ನಿನ ಕಡೆಗೆ, ಮೈ ತುಂಬಿಕೊಂಡಿದೆ, ಬೇಯಿಸಿದ ಸೇಬಿನ ವಾಸನೆ. ಹುಳಿ ಮಾತ್ರ ಅಷ್ಟೇ ನೆಟ್ಟಗೆ ನಿಂತಿದೆ. ಸಿಹಿ ಎರಡರಲ್ಲೂ ಇಲ್ಲ. ಮಸ್ಕದೆ ಅನ್ನುವ ಹೆಸರು ಹತ್ತಿರ ಇದೆ ಅಂತ ಮಸ್ಕಾ ದ್ರಾಕ್ಷಿಯ ಸಿಹಿ ವೈನ್ ಎಂದುಕೊಳ್ಳಬೇಡಿ.

ಹಾಗಾಗಿ ಊಟವೂ ಬದಲಾಗಬೇಕು. ಸಿಂಪಿ, ಮಸಲ್ಸ್, ಕರಿದ ಪುಟ್ಟ ಮೀನು ಇವಕ್ಕೆ ಸ್ಯೂರ್ ಲೀಯೇ ಸರಿ. ಕ್ಲಿಸೋಂಗೆ ಬೆಣ್ಣೆ ಬೇಕು. ನಾಂತ್‌ನವರ ಬರ್ ಬ್ಲಾಂ ಎಂಬ ಬೆಣ್ಣೆ ಸಾಸ್ ಸುರಿದ ನದಿ ಮೀನು, ಕ್ರೀಮ್ ಹಾಕಿದ ಕೋಳಿ, ಹಳೆಯ ಕೋಂತೆ ಚೀಸ್. ನಮ್ಮನೆಯಲ್ಲಿ ತೆಂಗಿನ ಹಾಲಿನ ಸಿಗಡಿ ಸಾರು, ನೀರುದೋಸೆ ಜೊತೆ ಕುಡಿದೆವು, ಬಹಳ ಚೆನ್ನಾಗಿ ಹೊಂದಿತು. ಬಂಗುಡೆ ಪುಳಿಮುಂಚಿಗೆ ಮಾತ್ರ ತೆಗೆಯಬೇಡಿ. ಹುಣಸೆ, ಮೆಣಸಿನಕಾಯಿ ಸೇರಿ ವೈನನ್ನು ಮುಚ್ಚಿಬಿಡುತ್ತವೆ, ಪಾಪ.

ಸ್ಯೂರ್ ಲೀ 8–10 ಡಿಗ್ರಿಯಲ್ಲಿರಲಿ. ಕ್ಲಿಸೋಂ ಅನ್ನು ಊಟಕ್ಕೆ ಇಪ್ಪತ್ತು ನಿಮಿಷ ಮುಂಚೆ ಫ್ರಿಜ್‌ನಿಂದ ಹೊರಗಿಡಿ. ತೀರಾ ತಣ್ಣಗಿದ್ದರೆ ಬಾಯೇ ಬಿಡುವುದಿಲ್ಲ.

ಆರೂ ಸ್ಯೂರ್ ಲೀಯೇ ಬೇಕು ಅನ್ನುವವರು ಈ ತಿಂಗಳ ಕೊನೆಯೊಳಗೆ ಒಂದು ಸಾಲು ಬರೆಯಿರಿ. ಇರುವಷ್ಟರಲ್ಲಿ ಮೊದಲು ನಿಮಗೇ ತೆಗೆದಿಡುತ್ತೇವೆ.

ನಿಮ್ಮ,
ನಾಂತ್‌ನ ಅಂಗಡಿಯ ಇಬ್ಬರು