ಜೈಲಿನಿಂದ ಬಂದವರಿಗೆ ಕೆಲಸ: ಭಾನುವಾರ ಸಭೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4 ಗಂಟೆಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ವಾಚನಾಲಯದಲ್ಲಿ ಸೇರೋಣ. ಅಂಗಡಿ, ತೋಟ, ವರ್ಕ್‌ಶಾಪ್ ಇರುವವರು ತಪ್ಪದೆ ಬನ್ನಿ. ಶಿಕ್ಷೆ ಮುಗಿಸಿ ಬಂದವರಿಗೆ ಕೆಲಸ ಕೊಡಿಸುವ ಬಗ್ಗೆ ಮಾತಾಡಲಿಕ್ಕಿದೆ.

ನಮ್ಮ ಜಿಲ್ಲೆಯ ಚೀಮೇನಿ ತೆರೆದ ಜೈಲಿನಲ್ಲಿ (ಒಳ್ಳೆಯ ನಡತೆಯ ಕೈದಿಗಳನ್ನು ಕಡಿಮೆ ಕಾವಲಿನಲ್ಲಿ ಇಡುವ ಜೈಲು) ಕೃಷಿ ಕೆಲಸ ಮಾಡಿ ಪಳಗಿದವರಿದ್ದಾರೆ. ನಮಗೋ ಅಡಿಕೆ ಕೊಯ್ಲಿಗೆ ಜನ ಸಿಗುವುದಿಲ್ಲ. ಆದರೂ ಕೇಸಿಲ್ಲ ಎಂಬ ಪೊಲೀಸ್ ಸರ್ಟಿಫಿಕೇಟ್ ಕೇಳಿ ಅವರನ್ನು ಅಂಗಳದಿಂದಲೇ ವಾಪಸ್ ಕಳಿಸುತ್ತೇವೆ, ಅಲ್ವಾ? ತೋಟಕ್ಕೆ ಮದ್ದು ಬಿಡಲು ಆ ಕಾಗದ ಯಾಕೋ, ನನಗಂತೂ ಅರ್ಥವಾಗಿಲ್ಲ.

ಸ್ವಂತ ಉದ್ಯೋಗ ಶುರು ಮಾಡುವವರಿಗೆ ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ ಸಹಾಯಧನ ಇದೆ. ಬಿಡುಗಡೆಯಾದವರ ಪುನರ್ವಸತಿ ನೋಡಿಕೊಳ್ಳುವ ಜಿಲ್ಲಾ ಪ್ರೊಬೇಷನ್ ಕಚೇರಿಯಲ್ಲಿ ವಿಚಾರಿಸಬೇಕು. ಮಲಯಾಳ ಫಾರಂ ತುಂಬಿಸಿ ಕೊಡಲು ಇಬ್ಬರು ಬೇಕು.

ಕೆಲಸ ಕೊಡುವವರು ಎಂಥ ಕೆಲಸ, ದಿನಕ್ಕೆ ಎಷ್ಟು ಸಂಬಳ ಅಂತ ಶುಕ್ರವಾರದೊಳಗೆ ನನಗೆ ಪ್ರತ್ಯೇಕ ಮೆಸೇಜ್ ಹಾಕಿ. ಯಾರದ್ದೇ ಹೆಸರು, ಕೇಸಿನ ವಿಷಯ ಗುಂಪಿನಲ್ಲಿ ಬೇಡ.