ಪರೇಡಿಗೆ ಮೊದಲೇ ಮುಖ ತೋರಿಸಿದರೆ ಹೇಗೆ?

ಮಾನ್ಯರೆ,

ಸರಗಳ್ಳತನದ ಆರೋಪಿ ಸಿಕ್ಕ ದಿನವೇ ಆತನನ್ನು ಕೂರಿಸಿ, ಹಿಂದೆ ಪೊಲೀಸರು ನಿಂತು ತೆಗೆಸಿಕೊಂಡ ಫೋಟೊ ಕಲಬುರಗಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಪತ್ರಿಕೆಗಳೂ ಅದನ್ನೇ ಅಚ್ಚು ಹಾಕುತ್ತವೆ. ಆಮೇಲೆ ಜೈಲಿನಲ್ಲಿ ತಹಶೀಲ್ದಾರರ ಮುಂದೆ ಆರೋಪಿಯನ್ನು ಬೇರೆಯವರ ಜತೆ ಸಾಲಾಗಿ ನಿಲ್ಲಿಸಿ ತೋರಿಸುವ ಗುರುತು ಪತ್ತೆ ಪರೇಡ್ ನಡೆದಾಗ ಸಾಕ್ಷಿ ಗುರುತಿಸುವುದು ಬೈಕಿನ ಮೇಲೆ ಕ್ಷಣಮಾತ್ರ ಕಂಡ ಮುಖವನ್ನೋ, ಮೊಬೈಲಿನಲ್ಲಿ ಹತ್ತು ಸಲ ನೋಡಿದ ಮುಖವನ್ನೋ? ಸಾಕ್ಷಿ ಸುಳ್ಳು ಹೇಳುತ್ತಿರುವುದಿಲ್ಲ. ಮುಖ ನೆನಪಿರುತ್ತದೆ, ಎಲ್ಲಿ ನೋಡಿದ್ದೆಂಬುದು ಕಲಸಿಹೋಗಿರುತ್ತದೆ. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸಾಕ್ಷಿಗಳ ತಪ್ಪು ಗುರುತಿಸುವಿಕೆ ಇತ್ತು.

ಸಾಲಿನಲ್ಲಿ ಆರೋಪಿಯ ಜತೆ ಕನಿಷ್ಠ ಐವರು ಬೇರೆಯವರಿರಲಿ. ಸಾಕ್ಷಿ ಮೊದಲು ‘ಗಡ್ಡದವ’ ಎಂದಿದ್ದರೆ ಆರೂ ಮಂದಿಗೆ ಗಡ್ಡವಿರಬೇಕು. ಸಾಲು ತೋರಿಸುವವರಿಗೆ ಆರೋಪಿ ಯಾರೆಂದೇ ತಿಳಿದಿರಬಾರದು; ಕಣ್ಸನ್ನೆಯೇ ಬೇಕಿಲ್ಲ, ‘ಇನ್ನೊಮ್ಮೆ ಸರಿಯಾಗಿ ನೋಡ್ರಿ’ ಎಂದರೂ ಸಾಕು, ಸಾಕ್ಷಿ ಬೇರೊಬ್ಬನತ್ತ ವಾಲುತ್ತಾರೆ. ‘ಅವನು ಇಲ್ಲಿ ಇಲ್ಲದೆಯೂ ಇರಬಹುದು’ ಎಂಬುದನ್ನು ಸಾಕ್ಷಿಗೆ ತಿಳಿಯುವ ಭಾಷೆಯಲ್ಲೇ, ಉರ್ದುವೋ ತೆಲುಗೋ ಲಂಬಾಣಿಯೋ, ಮೊದಲೇ ಹೇಳಬೇಕು. ಗುರುತಿಸಿದ ಕೂಡಲೇ ಎಷ್ಟು ಖಾತ್ರಿ ಎಂದು ಕೇಳಿ, ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ವರ್ಷಗಳ ಬಳಿಕ ಕೋರ್ಟಿನಲ್ಲಿ ತೋರುವ ಖಾತ್ರಿಗೆ ಅಷ್ಟು ತೂಕವಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಂ ಅಂಗವಿಕಲ ಸಾಕ್ಷಿಗಳಿದ್ದಾಗ ಈ ಪ್ರಕ್ರಿಯೆಯ ವಿಡಿಯೊ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ. ಎಲ್ಲ ಪರೇಡ್‌ಗಳನ್ನೂ ಹಾಗೇ ಚಿತ್ರೀಕರಿಸಲು ಅಡ್ಡಿಯೇನು? ಅಲ್ಲಿಯವರೆಗೆ ಆರೋಪಿಗಳ ಮುಖ ಮರೆಮಾಡಿ ಫೋಟೊ ಹಾಕುವುದನ್ನು ನಿಮ್ಮ ಪತ್ರಿಕೆಯೇ ಶುರು ಮಾಡಲಿ.

– ಮನೋವಿಜ್ಞಾನ ಬೋಧಕರು, ಕಲಬುರಗಿ